ಬಾಡಿಗೆ ಆದಾಯಕ್ಕೆ ಯಾವ ಆಸ್ತಿ? ಖಾಲಿ ತಿಂಗಳನ್ನು ಲೆಕ್ಕಕ್ಕೆ ಹಿಡಿದು ಒಂದು ಹೋಲಿಕೆ

ಬಾಡಿಗೆಗೆ ಕೊಡಲು ಆಸ್ತಿ ಕೊಳ್ಳಬೇಕು ಅಂತ ಹೊರಟವರು ಮೊದಲು ಕೇಳುವುದು "ತಿಂಗಳಿಗೆ ಎಷ್ಟು ಬರುತ್ತೆ?" ಅಂತ. ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಒಂದು ಫ್ಲ್ಯಾಟನ್ನೂ ಒಂದು ಅಂಗಡಿ ಮಳಿಗೆಯನ್ನೂ ಪಕ್ಕಪಕ್ಕ ಇಟ್ಟು ತೂಗುವಾಗ ಈ ಒಂದು ಅಂಕಿ ಸಾಲದು. ಇನ್ನೆರಡು ಪ್ರಶ್ನೆ ಬೇಕು. ಖಾಲಿಯಾದರೆ ಎಷ್ಟು ದಿನ ಖಾಲಿ ಬೀಳುತ್ತದೆ? ರಾತ್ರಿ ನಲ್ಲಿ ಸೋರಿದರೆ ಫೋನ್ ಯಾರಿಗೆ ಬರುತ್ತದೆ? ಬಾಡಿಗೆ ಆಸ್ತಿಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಈ ಎರಡು ಉತ್ತರಗಳಲ್ಲಿ. ಹಾಗಾಗಿ ಕೆಳಗಿನ ಪ್ರತಿ ಆಯ್ಕೆಯನ್ನೂ ಇದೇ ಎರಡು ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ.

ಕೂತಲ್ಲೇ ದುಡ್ಡು ಬರುತ್ತದೆ ಅನ್ನುವ ಮಾತು ಈ ವ್ಯವಹಾರದಲ್ಲಿ ಅರ್ಧ ಮಾತ್ರ ನಿಜ. ಕೆಲಸ ಇದ್ದೇ ಇರುತ್ತದೆ. ಅದನ್ನು ನೀವು ಮಾಡುತ್ತೀರೋ, ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸುತ್ತೀರೋ ಅಷ್ಟೇ.

ಮೊದಲು ಒಂದು ಲೆಕ್ಕ

ಒಂದು ಮನೆಯ ಬೆಲೆ 1,00,000 ಅಂತಿಟ್ಟುಕೊಳ್ಳಿ. ಯಾವ ದೇಶದ ದುಡ್ಡಾದರೂ ಸರಿ, ಲೆಕ್ಕ ಸುಲಭವಾಗಲಿ ಅಂತ ಸಣ್ಣ ಅಂಕಿ ತೆಗೆದುಕೊಂಡಿದ್ದೇನೆ. ತಿಂಗಳ ಬಾಡಿಗೆ 500, ವರ್ಷಕ್ಕೆ 6,000. ಮಾರುವವರು ಇದನ್ನೇ "6% ಆದಾಯ" ಅನ್ನುತ್ತಾರೆ.

ಈಗ ಕಳೆಯೋಣ. ನೋಂದಣಿ, ವಕೀಲರು, ದಲ್ಲಾಳಿ ಎಲ್ಲ ಸೇರಿ ಕೊಳ್ಳುವಾಗಲೇ 7,000 ಹೋಯಿತು ಅಂದುಕೊಂಡರೆ ನೀವು ಹಾಕಿದ್ದು 1,07,000. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ, 500 ಹೋಯಿತು. ರಿಪೇರಿಗೆ ಮನೆ ಬೆಲೆಯ 1% ಎತ್ತಿಡುವುದು ಹಳೆಯ ರೂಢಿ, ಅದು 1,000. ಆಸ್ತಿ ತೆರಿಗೆ, ವಿಮೆಗೆ 500. ನೋಡಿಕೊಳ್ಳುವ ಏಜೆಂಟನಿಗೆ ಬಂದ ಬಾಡಿಗೆಯಲ್ಲಿ 10% ಕೊಟ್ಟರೆ 550. ಉಳಿದದ್ದು 3,450. ಹಾಕಿದ ದುಡ್ಡಿಗೆ ಹೋಲಿಸಿದರೆ 3.2%. ಆದಾಯ ತೆರಿಗೆ ಇನ್ನೂ ಕಳೆದಿಲ್ಲ.

6 ಎಲ್ಲಿ, 3.2 ಎಲ್ಲಿ ಅಲ್ವಾ? ಎರಡು ಆಸ್ತಿಗಳನ್ನು ಹೋಲಿಸುವಾಗ ಒಂದರ ಮೊದಲ ಅಂಕಿಯನ್ನು ಇನ್ನೊಂದರ ಕೊನೆಯ ಅಂಕಿಯ ಪಕ್ಕ ಇಡುವುದು ತುಂಬ ಜನ ಮಾಡುವ ತಪ್ಪು. ಮಳಿಗೆಯ ಜಾಹೀರಾತಿನಲ್ಲಿ ಖರ್ಚು ಕಳೆದ ಅಂಕಿ ಇರಬಹುದು, ಫ್ಲ್ಯಾಟಿನದರಲ್ಲಿ ಕಳೆಯದ್ದು ಇರಬಹುದು. ಎರಡನ್ನೂ ಒಂದೇ ಕಾಗದದಲ್ಲಿ, ಒಂದೇ ಸಾಲುಗಳಲ್ಲಿ ಬರೆದುಕೊಂಡು ನೀವೇ ಕಳೆಯಿರಿ. ಮಾರುವವರು ಕೊಟ್ಟ ಖರ್ಚಿನ ಪಟ್ಟಿಯಲ್ಲಿ "ಖಾಲಿ ತಿಂಗಳು" ಅನ್ನುವ ಸಾಲು ಇಲ್ಲದಿದ್ದರೆ ಆ ಪಟ್ಟಿಯನ್ನು ಪಕ್ಕಕ್ಕಿಡಿ.

ಸಾಲ ಮಾಡಿ ಕೊಳ್ಳುವುದೋ, ಕೈದುಡ್ಡು ಹಾಕುವುದೋ

ಅದೇ ಮನೆಗೆ 75,000 ಸಾಲ, 7% ಬಡ್ಡಿ, 20 ವರ್ಷ ಅಂತಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 581, ವರ್ಷಕ್ಕೆ ಸುಮಾರು 6,980. ಮನೆಯಿಂದ ಉಳಿಯುವುದು 3,450. ಅಂದರೆ ವರ್ಷಕ್ಕೆ 3,500ಕ್ಕೂ ಜಾಸ್ತಿ ನಿಮ್ಮ ಸಂಬಳದಿಂದಲೇ ಹೋಗಬೇಕು. ಕಂತಿನಲ್ಲಿ ಮೊದಲ ವರ್ಷ ಅಸಲಿಗೆ ಹೋಗುವುದು 1,780ರ ಆಸುಪಾಸು, ಮಿಕ್ಕಿದ್ದೆಲ್ಲ ಬಡ್ಡಿ. ಆದಾಯ ತರಲಿ ಅಂತ ಕೊಂಡ ಮನೆಗೆ ಪ್ರತಿ ತಿಂಗಳು ನೀವೇ ದುಡ್ಡು ಹಾಕುತ್ತಾ ಇರುತ್ತೀರಿ.

ಇಲ್ಲಿ ನೋಡಬೇಕಾದದ್ದು ಒಂದೇ. ಖರ್ಚು ಕಳೆದ ಆದಾಯದ ಶೇಕಡಾವಾರು ಸಾಲದ ಬಡ್ಡಿಗಿಂತ ಕೆಳಗಿದ್ದರೆ, ಸಾಲ ಹೆಚ್ಚಾದಷ್ಟೂ ಕೈಗೆ ಸಿಗುವುದು ಕಡಿಮೆಯಾಗುತ್ತದೆ. ಬೆಲೆ ಏರಿದರೆ ಮಾತ್ರ ಲಾಭ. ಬೆಲೆ ಏರುತ್ತದೆ ಅನ್ನುವ ನಂಬಿಕೆಯ ಮೇಲೆ ಕೊಳ್ಳುವವರು ಕೊಳ್ಳಲಿ, ಆದರೆ ಅದನ್ನು ಬಾಡಿಗೆ ಆದಾಯ ಅಂತ ಕರೆದುಕೊಳ್ಳಬಾರದು.

ಬಡ್ಡಿ ಬದಲಾಗುವ ಸಾಲವಾದರೆ ಇನ್ನೂ ಎಚ್ಚರ ಬೇಕು. 2022ರ ಮಾರ್ಚ್‌ವರೆಗೆ ಅಮೆರಿಕದ ಕೇಂದ್ರ ಬ್ಯಾಂಕಿನ ಬಡ್ಡಿ ಸೊನ್ನೆಯ ಹತ್ತಿರ ಇತ್ತು. 2023ರ ಜುಲೈ ಹೊತ್ತಿಗೆ 5.25ರಿಂದ 5.5% ಆಯಿತು. ಅಲ್ಲಿ ಮನೆ ಸಾಲಗಳು ಹೆಚ್ಚಾಗಿ 30 ವರ್ಷ ಬಡ್ಡಿ ಬದಲಾಗದಂಥವು, ಹಾಗಾಗಿ ಹಳೆಯ ಸಾಲದ ಮನೆ ಮಾಲೀಕರಿಗೆ ಬಿಸಿ ತಟ್ಟಲಿಲ್ಲ. ಕಡಿಮೆ ಅವಧಿಯ ಸಾಲದಲ್ಲಿ ಕಚೇರಿ ಕಟ್ಟಡ ಕೊಂಡವರಿಗೆ ತಟ್ಟಿತು. ನಿಮ್ಮ ಲೆಕ್ಕವನ್ನು ಈಗಿನ ಬಡ್ಡಿಯಲ್ಲಿ ಒಮ್ಮೆ, ಅದಕ್ಕೆ 2% ಸೇರಿಸಿ ಇನ್ನೊಮ್ಮೆ ಮಾಡಿ ನೋಡಿ. ಎರಡನೆಯ ಲೆಕ್ಕದಲ್ಲಿ ಉಸಿರು ಕಟ್ಟಿದರೆ ಸಾಲ ಕಡಿಮೆ ಮಾಡಿ, ಇಲ್ಲ ಸಣ್ಣ ಆಸ್ತಿ ನೋಡಿ.

ಒಂದೇ ಮನೆ, ಒಂದೇ ಸಂಸಾರ, ವರ್ಷಗಟ್ಟಲೆ ಬಾಡಿಗೆ

ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಬಾಡಿಗೆ ಕೇಳುವವರು ಜಾಸ್ತಿ ಇರುವ ಕಡೆ ಒಂದು ಸಣ್ಣ, ಸಾದಾ ಮನೆ. ಚೆಂದದ ಮನೆ ಬೇಡ. ಎರಡು ಮಲಗುವ ಕೋಣೆ, ಗಟ್ಟಿ ನಲ್ಲಿಗಳು, ಬೆಳಕು, ಓಡಾಡಲು ಬಸ್ಸೋ ರೈಲೋ ಹತ್ತಿರ. ಬೆಲೆ ಏರಿದಷ್ಟು ಬಾಡಿಗೆ ಏರುವುದಿಲ್ಲ. ಎರಡು ಪಟ್ಟು ಬೆಲೆಯ ಮನೆಗೆ ಎರಡು ಪಟ್ಟು ಬಾಡಿಗೆ ಸಿಗುವುದು ಅಪರೂಪ, ಖಾಲಿಯಾದರೆ ಮಾತ್ರ ದೊಡ್ಡ ಮನೆಯೇ ಹೆಚ್ಚು ದಿನ ಖಾಲಿ ಬೀಳುತ್ತದೆ.

ಇದರ ಕೆಲಸ ಸಮನಾಗಿ ಹರಡಿರುವುದಿಲ್ಲ. ಹನ್ನೊಂದು ತಿಂಗಳು ಸುಮ್ನೆ ಇರಬಹುದು, ಬಾಡಿಗೆ ತಾನಾಗೇ ಖಾತೆಗೆ ಬೀಳುತ್ತಿರುತ್ತದೆ. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ಹದಿನೈದು ದಿನದಲ್ಲಿ ವರ್ಷದ ಕೆಲಸವೆಲ್ಲ ಬಂದು ಬೀಳುತ್ತದೆ. ಬೀಗ ಬದಲಾಯಿಸಬೇಕು. ಕರೆಂಟ್, ನೀರಿನ ಮೀಟರಿನ ಅಂಕಿ ಬರೆದುಕೊಳ್ಳಬೇಕು. ಗೋಡೆಯ ಮೊಳೆ ತೂತು ಮುಚ್ಚಿ ಬಣ್ಣ ಹೊಡೆಸಬೇಕು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆಗೆದು, ಕೈ ಹಾಕಿ ಒಳಗಿನ ಹಲಗೆಯನ್ನು ಮುಟ್ಟಿ ನೋಡಿ. ಹಲಗೆ ಉಬ್ಬಿದ್ದರೆ ಪೈಪು ತಿಂಗಳುಗಳಿಂದ ತೊಟ್ಟಿಕ್ಕುತ್ತಿದೆ ಅಂತ ಅರ್ಥ, ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಆಮೇಲೆ ಪ್ರತಿ ಕೋಣೆಯ ನಾಲ್ಕು ಗೋಡೆ, ನೆಲ, ಬಚ್ಚಲು, ಕಿಟಕಿಯ ಫೋಟೋ ತೆಗೆದು, ತಾರೀಕಿನ ಸಮೇತ ಹೊಸ ಬಾಡಿಗೆದಾರರಿಗೂ ಒಂದು ಪ್ರತಿ ಕಳಿಸಿಬಿಡಿ. ಮುಂದೆ ಡಿಪಾಸಿಟ್ ವಾಪಸ್ ಕೊಡುವಾಗ ಜಗಳ ಆಗುವುದು ಈ ಫೋಟೋ ಇಲ್ಲದ ಕಡೆಯೇ.

ಬಾಡಿಗೆದಾರರನ್ನು ಆರಿಸುವಾಗ ಬಾಡಿಗೆ ಅವರ ಆದಾಯದ ಮೂರನೇ ಒಂದು ಭಾಗ ದಾಟಬಾರದು ಅನ್ನುವುದು ಬಹಳ ಕಡೆ ಬಳಕೆಯಲ್ಲಿರುವ ಅಳತೆ. ಹಿಂದಿನ ಮಾಲೀಕರಿಗೆ ಫೋನ್ ಮಾಡಿ ವಿಚಾರಿಸಿ. ಈಗಿನ ಮಾಲೀಕರಿಗಿಂತ ಅವರಿಗೂ ಮುಂಚಿನವರ ಮಾತಿಗೆ ಬೆಲೆ ಜಾಸ್ತಿ. ಈಗಿನವರಿಗೆ ತೊಂದರೆ ಕೊಡುವವರು ಹೊರಟರೆ ಸಾಕಾಗಿರಬಹುದು, ಹೊಗಳಿಯೇ ಕಳಿಸುತ್ತಾರೆ. ಹಿಂದಿನವರಿಗೆ ಆ ಹಂಗು ಇರುವುದಿಲ್ಲ.

ಇನ್ನೊಂದು ಮಾತು. ಒಳ್ಳೆಯ ಬಾಡಿಗೆದಾರರು ಇದ್ದಾಗ ಬಾಡಿಗೆಯನ್ನು ಮಾರುಕಟ್ಟೆಗಿಂತ ಸ್ವಲ್ಪ ಕೆಳಗೇ ಇಡುವುದು ನಷ್ಟವೇನಲ್ಲ. ಮೇಲಿನ ಲೆಕ್ಕದಲ್ಲೇ ನೋಡಿ. ತಿಂಗಳಿಗೆ 25 ಹೆಚ್ಚು ಕೇಳಿ ಅವರು ಎದ್ದು ಹೋದರೆ, ಒಂದು ಖಾಲಿ ತಿಂಗಳ 500 ತುಂಬಿಕೊಳ್ಳಲು 20 ತಿಂಗಳು ಬೇಕು. ಬಣ್ಣದ ಖರ್ಚು ಬೇರೆ.

ಕೋಣೆ ಕೋಣೆಯಾಗಿ ಕೊಡುವುದು

ಇಡೀ ಮನೆಗೆ 500 ಸಿಗುವ ಕಡೆ ಮೂರು ಕೋಣೆಗಳನ್ನು ಬೇರೆ ಬೇರೆ ಕೊಟ್ಟರೆ ಒಟ್ಟು 700 ಸಿಗಬಹುದು. ಒಬ್ಬರು ಬಿಟ್ಟು ಹೋದರೂ ಬಾಡಿಗೆ ಪೂರ್ತಿ ನಿಲ್ಲುವುದಿಲ್ಲ, ಅದೇ ಇದರ ದೊಡ್ಡ ಬಲ. ಆದರೆ ಬಂದು ಹೋಗುವುದು ಜಾಸ್ತಿ. ಕರೆಂಟ್, ನೀರು, ಇಂಟರ್ನೆಟ್ ಸಾಮಾನ್ಯವಾಗಿ ನಿಮ್ಮ ತಲೆಗೇ. ಫ್ರಿಜ್ಜಿನ ಹಾಲು ಯಾರು ಕುಡಿದರು ಅನ್ನುವ ಪಂಚಾಯಿತಿಯೂ ನಿಮ್ಮ ಫೋನಿಗೇ ಬರುತ್ತದೆ.

ಕಾನೂನು ಇಲ್ಲಿ ಬೇರೆಯೇ ಇರಬಹುದು. ಇಂಗ್ಲೆಂಡಿನಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರಕ್ಕೆ ಸೇರಿದ 5 ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡು ಇರುವ ಮನೆಗೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಕೋಣೆಯ ಅಳತೆ, ಬೆಂಕಿ ಸುರಕ್ಷತೆ ಎಲ್ಲ ನೋಡುತ್ತಾರೆ. ನೀವಿರುವ ಕಡೆ ಇಂಥ ನಿಯಮ ಇದೆಯಾ ಅಂತ ಕೊಳ್ಳುವ ಮುಂಚೆಯೇ ಕೇಳಿ. ಪಕ್ಕದಲ್ಲೇ ವಾಸ ಇರುವವರಿಗೆ, ಜನರ ಜೊತೆ ಮಾತಾಡುವುದು ಬೇಸರ ಅನ್ನಿಸದವರಿಗೆ ಈ ದಾರಿ ಸರಿ.

ಒಂದರಲ್ಲಿ ನೀವಿದ್ದು ಉಳಿದದ್ದು ಬಾಡಿಗೆಗೆ

ಎರಡು, ಮೂರು ಅಥವಾ ನಾಲ್ಕು ಮನೆ ಇರುವ ಕಟ್ಟಡ ಕೊಂಡು, ಒಂದರಲ್ಲಿ ತಾವೇ ಇದ್ದು ಉಳಿದದ್ದನ್ನು ಬಾಡಿಗೆಗೆ ಕೊಡುವುದು ಹಳೆಯ ಪದ್ಧತಿ. ದುಡ್ಡಿನ ಲೆಕ್ಕದಲ್ಲಿ ಹೊಸಬರಿಗೆ ಇದಕ್ಕಿಂತ ಒಳ್ಳೆಯದು ಕಡಿಮೆ. ಹೇಗೂ ನಿಮಗೊಂದು ಮನೆ ಬೇಕಿತ್ತು. ಸ್ವಂತ ವಾಸದ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಕಡಿಮೆ. ಅಮೆರಿಕದಲ್ಲಿ 4 ಮನೆಗಳವರೆಗಿನ ಕಟ್ಟಡಕ್ಕೆ, ಮಾಲೀಕರು ಅಲ್ಲೇ ಇದ್ದರೆ, ಸರ್ಕಾರಿ ವಿಮೆಯ ಮನೆ ಸಾಲ 3.5% ಕೈದುಡ್ಡಿಗೂ ಸಿಗುತ್ತದೆ.

ನಲ್ಲಿ ಸೋರಿದರೆ ಫೋನ್ ಬರುವುದಿಲ್ಲ, ನೇರ ಬಾಗಿಲು ತಟ್ಟುತ್ತಾರೆ. ಸಂಜೆ ಮೆಟ್ಟಿಲಿನಲ್ಲಿ ಸಿಕ್ಕವರಿಂದ ಬಾಕಿ ಬಾಡಿಗೆ ಕೇಳುವ ಮುಜುಗರವೂ ಇದೆ. ಅದಕ್ಕೆ ಬದಲಾಗಿ, ಕಟ್ಟಡ ಹೇಗಿದೆ ಅಂತ ಪ್ರತಿದಿನ ಕಣ್ಣಿಗೆ ಕಾಣುತ್ತದೆ. ದೂರದ ಆಸ್ತಿಯಲ್ಲಿ ಈ ಅನುಕೂಲ ಸಿಗುವುದಿಲ್ಲ.

ಪ್ರವಾಸಿಗರಿಗೆ ದಿನದ ಬಾಡಿಗೆ

ಇದರ ಅಂಕಿ ನೋಡಿ ಮರುಳಾಗುವವರು ಬಹಳ. ಅದೇ ಮನೆಯನ್ನು ದಿನಕ್ಕೆ 40ರಂತೆ ಕೊಟ್ಟರೆ? ತಿಂಗಳೆಲ್ಲ ತುಂಬಿದರೆ 1,200! ಆದರೆ ತಿಂಗಳೆಲ್ಲ ತುಂಬುವುದಿಲ್ಲ. 18 ದಿನ ತುಂಬಿತು ಅಂತ ಹಿಡಿಯಿರಿ, 720 ಬಂತು. ವೆಬ್‌ಸೈಟಿನ ಕಮಿಷನ್ 15% ಅಂದರೆ 108. ಆರೇಳು ಸಲ ಗುಡಿಸಿ ಒರೆಸಿ, ಹಾಸಿಗೆ ಬಟ್ಟೆ ಒಗೆಸಲು 80. ಕರೆಂಟ್, ಇಂಟರ್ನೆಟ್ 50. ಮಂಚ, ಸೋಫಾ, ಪಾತ್ರೆಗಳ ಸವೆತಕ್ಕೆ 40. ಉಳಿದದ್ದು 442. ಕೀ ಕೊಡಲು, ಅತಿಥಿಗಳಿಗೆ ಉತ್ತರಿಸಲು ಒಬ್ಬರನ್ನು 20%ಗೆ ಇಟ್ಟರೆ ಇನ್ನೊಂದು 144 ಹೋಗಿ 298 ಉಳಿಯುತ್ತದೆ. ತಿಂಗಳ ಬಾಡಿಗೆಗೆ ಕೊಟ್ಟಿದ್ದರೆ ಏಜೆಂಟನಿಗೆ ಕೊಟ್ಟು 450 ಉಳಿಯುತ್ತಿತ್ತು.

ಬೇರೆ ಊರಿನಲ್ಲಿ ಲೆಕ್ಕ ಬೇರೆ ಬರಬಹುದು. ದಿನದ ದರ 70 ಇದ್ದು 22 ದಿನ ತುಂಬಿದರೆ ಚೆನ್ನಾಗಿಯೇ ಉಳಿಯುತ್ತದೆ. ಆದರೆ ಆಗ ನೀವು ನಡೆಸುತ್ತಿರುವುದು ಒಂದು ಪುಟ್ಟ ಹೋಟೆಲು. ಕೂತಲ್ಲೇ ಆದಾಯ ಅಂತ ಇದನ್ನು ಮಾರುವವರ ಮಾತು ನಂಬಬೇಡಿ.

ಮೇಲಾಗಿ ಇದು ನಿಯಮಗಳ ಕೃಪೆಯಲ್ಲಿ ಇರುವ ವ್ಯವಹಾರ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ನೋಂದಣಿ ಕಡ್ಡಾಯ ಮಾಡಿತು. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡಬೇಕಾದರೆ ಮಾಲೀಕರು ಅದೇ ಮನೆಯಲ್ಲಿ ಇರಬೇಕು, ಅತಿಥಿಗಳು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಆಮ್‌ಸ್ಟರ್‌ಡ್ಯಾಮ್ 2019ರಲ್ಲಿ ಸ್ವಂತ ವಾಸದ ಮನೆಯನ್ನು ಕೊಡುವ ಮಿತಿಯನ್ನು ವರ್ಷಕ್ಕೆ 30 ರಾತ್ರಿಗೆ ಇಳಿಸಿತು. ಬಾರ್ಸಿಲೋನಾ ಪ್ರವಾಸಿ ಫ್ಲ್ಯಾಟುಗಳ ಪರವಾನಗಿಗಳನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲ ಅಂತ 2024ರಲ್ಲಿ ಹೇಳಿತು. ನಿಮ್ಮ ಕಟ್ಟಡದ ಸಂಘದವರೂ ಬೇಡ ಅನ್ನಬಹುದು. ಹಾಗಾಗಿ ಒಂದು ಷರತ್ತು ಹಾಕಿಕೊಳ್ಳಿ: ತಿಂಗಳ ಬಾಡಿಗೆಗೆ ಕೊಟ್ಟರೂ ಲೆಕ್ಕ ಸರಿಹೋಗುವ ಮನೆಯನ್ನು ಮಾತ್ರ ಇದಕ್ಕೆ ಕೊಳ್ಳುವುದು.

ಅಂಗಡಿ ಮಳಿಗೆ, ಕಚೇರಿ

ಮಳಿಗೆಯ ಆಸೆ ಅರ್ಥವಾಗುವಂಥದ್ದು. ಕರಾರು 5 ವರ್ಷ, 10 ವರ್ಷ. ಬಾಡಿಗೆ ಶೇಕಡಾವಾರು ಮನೆಗಿಂತ ಜಾಸ್ತಿ. ಕೆಲವು ಕರಾರುಗಳಲ್ಲಿ ತೆರಿಗೆ, ವಿಮೆ, ರಿಪೇರಿ ಮೂರನ್ನೂ ಬಾಡಿಗೆದಾರರೇ ಕಟ್ಟುತ್ತಾರೆ. ನಲ್ಲಿ ಸೋರಿದರೆ ಅವರೇ ಸರಿಮಾಡಿಸಿಕೊಳ್ಳುತ್ತಾರೆ, ನಿಮಗೆ ಫೋನೇ ಇಲ್ಲ. ಎರಡನೆಯ ಪ್ರಶ್ನೆಗೆ ಪೂರ್ತಿ ಅಂಕ.

ಮೊದಲ ಪ್ರಶ್ನೆಯಲ್ಲಿ ಕೈ ಕೊಡುತ್ತದೆ. ಮನೆ ಖಾಲಿಯಾದರೆ ವಾರಗಳ ಲೆಕ್ಕ, ಮಳಿಗೆ ಖಾಲಿಯಾದರೆ ತಿಂಗಳುಗಳ ಲೆಕ್ಕ, ಕೆಲವೊಮ್ಮೆ ವರ್ಷ. ಹೊಸಬರು ಬಂದರೂ ಒಳಗಿನ ಕೆಲಸ ಮಾಡಿಸಿಕೊಳ್ಳುವವರೆಗೆ ಎರಡು ಮೂರು ತಿಂಗಳು ಬಾಡಿಗೆ ಬಿಡಿ ಅಂತ ಕೇಳುತ್ತಾರೆ. ದೀರ್ಘ ಕರಾರು ಇದೆ ಅನ್ನುವ ಧೈರ್ಯಕ್ಕೂ ಒಂದು ಮಿತಿ ಇದೆ. ಕಟ್ಟಡಗಳನ್ನು ದೀರ್ಘ ಕರಾರಿಗೆ ಹಿಡಿದು ಕಚೇರಿ ಜಾಗವಾಗಿ ಹಂಚಿ ಬಾಡಿಗೆಗೆ ಕೊಡುವ ವಿವರ್ಕ್ ಕಂಪನಿ 2023ರ ನವೆಂಬರಿನಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆ ಕೇಳಿ ಅರ್ಜಿ ಹಾಕಿದಾಗ, ಎಷ್ಟೋ ಕಟ್ಟಡಗಳ ಕರಾರುಗಳನ್ನು ಕೈಬಿಡಲು ಕೋರ್ಟಿನ ಮೊರೆ ಹೋಯಿತು. ಕರಾರಿನ ಬಲ ಬಾಡಿಗೆದಾರರ ವ್ಯಾಪಾರ ನಡೆಯುವವರೆಗೆ ಮಾತ್ರ.

ಆದ್ದರಿಂದ ಮಳಿಗೆ ನೋಡುವಾಗ ಗೋಡೆಗಿಂತ ವ್ಯಾಪಾರ ನೋಡಿ. ಈ ಅಂಗಡಿ ಮುಚ್ಚಿದರೆ ಇದೇ ಜಾಗಕ್ಕೆ ಇನ್ನು ಯಾರು ಬರಬಹುದು? ಮೂರು ಬಗೆಯ ವ್ಯಾಪಾರ ಥಟ್ಟನೆ ನೆನಪಿಗೆ ಬಂದರೆ ಮುಂದುವರಿಯಿರಿ. ಒಬ್ಬರಿಗೇ ಹೊಂದುವಂತೆ ಕಟ್ಟಿದ ಜಾಗವಾದರೆ ಬೇಡ. ಒಂದು ವರ್ಷ ಬಾಡಿಗೆ ಬಾರದಿದ್ದರೂ ಕಂತು ಕಟ್ಟುವಷ್ಟು ದುಡ್ಡು ಬದಿಗೆ ಇಲ್ಲದವರಿಗೆ ಮೊದಲ ಆಸ್ತಿಯಾಗಿ ಮಳಿಗೆ ಬೇಡವೇ ಬೇಡ.

ಆಸ್ತಿಯನ್ನೇ ಕೊಳ್ಳದೆ: ರೀಟ್

ನಿಜವಾಗಿ ಏನೂ ಮಾಡದೆ ಬಾಡಿಗೆ ಆದಾಯ ಬೇಕು ಅನ್ನುವವರಿಗೆ ರೀಟ್ ಇದೆ. ಬಾಡಿಗೆ ಬರುವ ಕಟ್ಟಡಗಳನ್ನು ಇಟ್ಟುಕೊಂಡ ಸಂಸ್ಥೆಯ ಷೇರಿನಂಥ ಯೂನಿಟ್ಟುಗಳು. ಅಮೆರಿಕದಲ್ಲಿ 1960ರ ಕಾನೂನಿನಿಂದ ಹುಟ್ಟಿದ ಈ ವ್ಯವಸ್ಥೆ ಈಗ 40ಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತದಲ್ಲಿ ನಿಯಮ ಬಂದದ್ದು 2014ರಲ್ಲಿ, ಮೊದಲ ರೀಟ್ ಷೇರುಪೇಟೆಗೆ ಬಂದದ್ದು 2019ರಲ್ಲಿ. ಹೆಚ್ಚಿನ ದೇಶಗಳಲ್ಲಿ ಹಂಚಬಹುದಾದ ಆದಾಯದ ದೊಡ್ಡ ಪಾಲನ್ನು ಹೂಡಿಕೆದಾರರಿಗೆ ಹಂಚಲೇಬೇಕು. ಅಮೆರಿಕ, ಭಾರತ ಎರಡರಲ್ಲೂ ಆ ಪಾಲು ಕನಿಷ್ಠ 90%, ಅದನ್ನು ಲೆಕ್ಕ ಹಾಕುವ ರೀತಿ ಬೇರೆ ಬೇರೆ.

ಫೋನ್ ಬರುವುದಿಲ್ಲ. ಒಂದು ಕಟ್ಟಡ ಖಾಲಿಯಾದರೆ ಇನ್ನೊಂದು ತುಂಬಿರುತ್ತದೆ. ಸಣ್ಣ ಮೊತ್ತದಿಂದ ಶುರುಮಾಡಬಹುದು, ಬೇಕಾದಾಗ ಮಾರಬಹುದು. ಮನೆ ಮಾರಲು ತಿಂಗಳುಗಳು ಬೇಕು, ದುಡ್ಡು ಬೇಕಾದಾಗ ಒಂದು ಅಡುಗೆಮನೆಯನ್ನಷ್ಟೇ ಮಾರಲು ಆಗುವುದಿಲ್ಲ.

ಬೆಲೆ ಮಾತ್ರ ಷೇರುಪೇಟೆಯ ಜೊತೆ ಕುಣಿಯುತ್ತದೆ. 2020ರ ಮಾರ್ಚಿನಲ್ಲಿ ರೀಟ್ ಬೆಲೆಗಳು ಕೆಲವೇ ವಾರಗಳಲ್ಲಿ ಜೋರಾಗಿ ಕುಸಿದವು. ಪೇಟೆಯಲ್ಲಿ ವಹಿವಾಟಾಗದ ಖಾಸಗಿ ರೀಟುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2022ರ ಕೊನೆಯಲ್ಲಿ ಅಮೆರಿಕದ ಅಂಥ ಒಂದು ದೊಡ್ಡ ರೀಟ್, ಹೂಡಿಕೆದಾರರು ದುಡ್ಡು ವಾಪಸ್ ಪಡೆಯುವುದಕ್ಕೆ ಮಿತಿ ಹಾಕಿತು. ಬೇಕಾದಾಗ ದುಡ್ಡು ಕೈಗೆ ಸಿಗಬೇಕು ಅನ್ನುವವರು ಪೇಟೆಯಲ್ಲಿರುವ ರೀಟನ್ನೇ ನೋಡಲಿ.

ಹಾಗಾದರೆ ಯಾರಿಗೆ ಯಾವುದು?

ವಾರಕ್ಕೆ ಒಂದೆರಡು ಗಂಟೆಯೂ ಕೊಡಲಾಗದವರು, ಬೇರೆ ಊರಿನಲ್ಲೋ ದೇಶದಲ್ಲೋ ಇರುವವರು ರೀಟಿನಿಂದ ಶುರುಮಾಡಲಿ. ಅವರಿಗೆ ಮನೆಯೇ ಬೇಕೆಂದರೆ ಏಜೆಂಟನ ಖರ್ಚು ಸೇರಿಸಿಯೇ ಲೆಕ್ಕ ಹಾಕಲಿ. ಹತ್ತಿರದಲ್ಲೇ ಇರುವ, ತಕ್ಕಮಟ್ಟಿಗೆ ಕೈದುಡ್ಡು ಇರುವ ಹೊಸಬರಿಗೆ ಸಾದಾ ಸಣ್ಣ ಮನೆ. ಮೊದಲ ಒಂದೆರಡು ವರ್ಷ ನೀವೇ ನೋಡಿಕೊಳ್ಳಿ. ಆಗ ರಿಪೇರಿಯ ನಿಜವಾದ ದರ ಗೊತ್ತಾಗುತ್ತದೆ, ಮುಂದೆ ಏಜೆಂಟ್ ಕಳಿಸುವ ಬಿಲ್ಲು ಸರಿಯೋ ತಪ್ಪೋ ಹೇಳಲು ಬರುತ್ತದೆ. ಸ್ವಂತ ಮನೆ ಇನ್ನೂ ಕೊಳ್ಳದವರು ಒಂದರಲ್ಲಿದ್ದು ಉಳಿದದ್ದು ಕೊಡುವ ದಾರಿಯನ್ನು ಮೊದಲು ನೋಡಲಿ. ದಿನದ ಬಾಡಿಗೆ, ಮಳಿಗೆ ಎರಡನ್ನೂ ನಾನು ಎರಡನೇ ಆಸ್ತಿಗೆ ಬಿಡುತ್ತೇನೆ.

ಯಾವುದನ್ನು ಆರಿಸಿದರೂ ಬಾಡಿಗೆ ನಿಯಂತ್ರಣದ ಕಾನೂನು ಓದಿಕೊಳ್ಳಿ. ಬರ್ಲಿನ್ 2020ರಲ್ಲಿ ಬಾಡಿಗೆಗೆ ಮಿತಿ ಹಾಕಿತು, 2021ರ ಏಪ್ರಿಲ್‌ನಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಡುವಿನ ಅವಧಿಯಲ್ಲಿ ಮಾಲೀಕರೂ ಬಾಡಿಗೆದಾರರೂ ಯಾವ ಅಂಕಿ ನಂಬಬೇಕು ಅಂತ ಒದ್ದಾಡಿದರು. ಬಾಡಿಗೆ ಎಷ್ಟು ಏರಿಸಬಹುದು, ಡಿಪಾಸಿಟ್ ಎಷ್ಟು ಇಟ್ಟುಕೊಳ್ಳಬಹುದು, ಖಾಲಿ ಮಾಡಿಸಲು ಎಷ್ಟು ತಿಂಗಳ ನೋಟಿಸ್ ಬೇಕು, ಈ ಮೂರೂ ಗೊತ್ತಿರಲಿ. ಮೂರಕ್ಕೂ ಉತ್ತರ ಗೊತ್ತಾದ ಮೇಲೆ ನಿಮ್ಮ ಕಾಗದದ ಖಾಲಿ ತಿಂಗಳ ಸಾಲಿಗೆ ಮತ್ತೆ ಬನ್ನಿ. ಬಾಡಿಗೆ ಕೊಡದವರನ್ನು ಎಬ್ಬಿಸಲು ಆರು ತಿಂಗಳು ಹಿಡಿಯುವ ಕಡೆ ಅಲ್ಲಿ 1 ಅಂತ ಬರೆದರೆ ಸಾಲದು. ಕಂತು, ತೆರಿಗೆ, ರಿಪೇರಿ ಎಲ್ಲ ಸೇರಿಸಿ ಕನಿಷ್ಠ ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ಬಿದ್ದ ಮೇಲೆಯೇ ಮುಂಗಡ ಕೊಡಿ.